ಹಾಸುಬಂಡೆಯ ಮೇಲೆ ಕೂಡಿಸಿದ ಎಳೆ

ಭಾನುವಾರ ಬೆಳಿಗ್ಗೆ ಎಂಟೂ ಮುಕ್ಕಾಲು. ಆ ಹೊತ್ತಿಗೆ ನಮ್ಮ ಬೀದಿಯ ಹೆಂಗಸರೆಲ್ಲ ಹೊಳೆಯ ನಡುವಿನ ಹಾಸುಬಂಡೆಯ ಮೇಲೆ ಕೂತಿದ್ದೆವು. ಮೊನ್ನೆ ಹಾಸನದ ಮಾರ್ಕೆಟ್ಟಿನಲ್ಲಿ ಯಾರೋ ಅಂಗಡಿ ಮುಂದೆ ಸಾರಿಸಲು ಕೆಮ್ಮಣ್ಣು ಕಲಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಅದೇ ಬೆಳಿಗ್ಗೆ, ಅದೇ ಬಂಡೆ, ನಮ್ಮ ಬೀದಿಯ ಡ್ರಾಯಿಂಗ್ ಮೇಷ್ಟ್ರು...

ತೊಂಬತ್ತರ ದಶಕದ ಕೊನೆ. ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಬೇಸಿಗೆ ರಜೆಗೆ ಹೊಳೆನರಸೀಪುರಕ್ಕೆ ಬಂದಿದ್ದೆ. ಮನೆಮನೆಗೆ ನಲ್ಲಿ ಬಂದ ಮೇಲೆ ನಮ್ಮವರು ಹೇಮಾವತಿಯ ಕಡೆ ಹೋಗುತ್ತಿದ್ದದ್ದು ಗಣಪತಿ ಬಿಡಲು, ಗಾಜು ಒಡೆದ ದೇವರ ಪಟ ಎಸೆಯಲು, ಅಷ್ಟಕ್ಕೇ. ಮೇಷ್ಟ್ರಿಗೆ ಅದು ಕೊರೆಯುತ್ತಿತ್ತು. “ಊರಿನ ಹೆಸರ್ನಲ್ಲಿ ಹೊಳೆ ಅದೆ, ನಮ್ ಕಾಲಿಗೆ ಮಾತ್ರ ದಾರಿ ಮರ್ತೋಗದೆ” ಎನ್ನುತ್ತಿದ್ದರು. ದಿನಾ ನಿಮ್ಮ ಬಾಗಿಲಿಗೆ ಇಡುವ ರಂಗೋಲಿಯನ್ನೇ ಒಂದು ದಿನ ಹೊಳೆಯ ಬಾಗಿಲಿಗೂ ಇಡಿ ಎಂದು ಮನೆಮನೆಗೆ ಹೋಗಿ ಕೇಳಿದರು. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದರು. ಕೆಲವು ಭಾನುವಾರ ಹೊಳೆಗೆ ಇಳಿಯುವ ಸೋಪಾನದ ಮೇಲೆ ಬಿಡಿಸಿದೆವು. ಯಾರ ರಂಗೋಲಿ ದೊಡ್ಡದು ಎಂಬ ಪೈಪೋಟಿಯಲ್ಲಿ ಮೆಟ್ಟಿಲು ಸಾಲದಾಯಿತು. ಅದಕ್ಕೇ ಆ ಭಾನುವಾರ ಪಾದ ಮುಳುಗುವಷ್ಟು ನೀರು ದಾಟಿ ಬಂಡೆಗೆ ಹೋಗಿದ್ದು. ಕೆಮ್ಮಣ್ಣು ಸಾರಿಸಿ, ಬೀದಿಯಲ್ಲಿ ಮನೆಗಳಿರುವ ಸಾಲಿನಲ್ಲೇ ಕೂತೆವು.

ಊರೊಳಗೆ ಆಟೋ ಒಂದು ಮೈಕ್ ಕಟ್ಟಿಕೊಂಡು ಸುತ್ತುವುದು ದೂರದಿಂದ ಕೇಳಿಸಿತು.

“ಹೊಸ ಪಿಕ್ಚರ್ ಬಂದದೆ ಕಣೆ. ನಿಮ್ಮನೇರು ಟಿಕೇಟ್ ತರಕ್ ಓಗವ್ರೋ ಏನೋ, ನೋಡೋಗು” ಎಂದು ಎದುರುಮನೆಯಾಕೆ ಪಕ್ಕದವರನ್ನು ಛೇಡಿಸಿದರು.

ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಯಾರೂ ಹೊಳೆಗೆ ಇಳಿಯಬೇಡಿ ಎಂದು ಆಟೋದವನು ಸಾರುತ್ತಿದ್ದನೆಂಬುದು ನಮಗೆ ತಿಳಿದದ್ದು ಆಮೇಲೆ. ಸಾರಿದ್ದು ಬೀದಿಗಳಲ್ಲಿ. ಹೊಳೆಯ ಹತ್ತಿರ ಯಾರೂ ಹೋಗುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತಲ್ಲ. ಅವತ್ತೊಂದು ದಿನ ಬೀದಿ ಖಾಲಿಯಾಗಿ, ನಾವೆಲ್ಲ ಹೊಳೆಯಲ್ಲಿದ್ದೆವು.

ಮಳೆಯ ನೀರಾಗಿದ್ದರೆ ಕೆಂಪಾಗಿ, ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ಇದು ತಿಳಿಯಾಗಿ, ಸದ್ದಿಲ್ಲದೆ ಏರಿತು. ಅಂಚಿನ ರಂಗೋಲಿಯ ಪುಡಿ ತೇಲಿಹೋದಾಗಲೇ ತಿಳಿದದ್ದು. ಮೇಷ್ಟ್ರು ಎಲ್ಲರನ್ನೂ ಎಬ್ಬಿಸಿದರು. ಮೊಣಕಾಲುದ್ದ ನೀರಲ್ಲಿ ಕೈ ಕೈ ಹಿಡಿದು ದಾಟಿ, ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ ಮೂಲೆಮನೆಯ ಅಜ್ಜಿ ಇನ್ನೂ ಬಂಡೆಯ ಮೇಲೇ ಕೂತಿದ್ದರು. ಅವರದು ಬಂಡೆಯ ನೆತ್ತಿಯಲ್ಲಿ ದೊಡ್ಡ ಎಳೆ ರಂಗೋಲಿ. ಚುಕ್ಕಿಗಳನ್ನೆಲ್ಲ ಸುತ್ತಿ ಬಂದ ಎಳೆ ಹೊರಟ ಜಾಗಕ್ಕೆ ಇನ್ನೂ ಸೇರಿರಲಿಲ್ಲ. ಪಕ್ಕದಲ್ಲಿ ಮೇಷ್ಟ್ರು ಬಗ್ಗಿ ನಿಂತಿದ್ದರು.

“ಎಳೆ ಕೂಡುಸ್ದೆ ಎದ್ರೆ ಮನೇಗ್ ಆಗ್ಬರಕ್ಕಿಲ್ಲ ಕಣಪ್ಪ. ತಡಿ” ಎಂಬ ಅಜ್ಜಿಯ ದನಿ ನೀರಿನ ಮೇಲಿಂದ ನಮಗೂ ಕೇಳಿಸಿತು.

ಮೇಷ್ಟ್ರು ಗದರಲಿಲ್ಲ. ಅಜ್ಜಿಯ ಕೈಯಿಂದ ಪುಡಿ ತೆಗೆದುಕೊಂಡು ತಾವೇ ಎಳೆ ಕೂಡಿಸಿದರು. ಅಜ್ಜಿ ಎದ್ದದ್ದು ಆಮೇಲೆ. ಅಷ್ಟರಲ್ಲಿ ದಾಟುವ ಜಾಗದಲ್ಲಿ ನೀರು ಸೊಂಟದ ಮಟ್ಟಕ್ಕೆ ಬಂದಿತ್ತು.

ನಮ್ಮ ಕೂಗು ಕೇಳಿ ದಡಕ್ಕೆ ಓಡಿಬಂದ ಗಂಡಸರು ಪಂಚೆಗಳನ್ನು ಗಂಟುಹಾಕಿ ಎಸೆದರು. ಮೇಷ್ಟ್ರು ಅದರ ತುದಿಯನ್ನು ಕೈಗೆ ಸುತ್ತಿಕೊಂಡು, ಅಜ್ಜಿಯನ್ನು ಬೆನ್ನಮೇಲೆ ಹೊತ್ತು ಇಳಿದರು. ನಡುವೆ ಕಾಲು ಜಾರಿತು. ಇಬ್ಬರೂ ಕಾಣಲಿಲ್ಲ... ಬರೀ ನೀರು, ಬಿಗಿದುಕೊಂಡ ಪಂಚೆ. ನೆನಪು ಎಷ್ಟು ಸಲ ಮರಳಿ ಬಂದರೂ ಅಲ್ಲಿಗೇ ನಿಂತುಬಿಡುತ್ತದೆ. ಆಮೇಲೆ ಅವರನ್ನು ಎಳೆದುಕೊಂಡದ್ದನ್ನೂ, ಅಜ್ಜಿ ಕೆಮ್ಮಿದ್ದನ್ನೂ ನಾನು ಪ್ರಯತ್ನಪಟ್ಟು ನೆನೆಯಬೇಕು.

“ನಿಮ್ ಚಿತ್ರದ್ ಹುಚ್ಚಿಗೆ ನಮ್ಮವ್ವನೇ ಬೇಕಿತ್ತಾ ಸಾ?” ಅಜ್ಜಿಯ ಮಗ ಕೇಳಿದ.

ಕನ್ನಡಕ ಹೊಳೆಪಾಲಾಗಿತ್ತು. ಮೇಷ್ಟ್ರು ಕಣ್ಣು ಕಿರಿದು ಮಾಡಿಕೊಂಡು, ಒದ್ದೆ ಬಟ್ಟೆಯಲ್ಲಿ ನಿಂತೇ ಇದ್ದರು. 

ಸೋಪಾನಕ್ಕೆ ಕಬ್ಬಿಣದ ಗೇಟು ಬಂತು, ಬೀಗ ಬಿತ್ತು. ಮಕ್ಕಳಿಗೆ ಹೊಳೆ ಎಂದರೆ ಆ ಭಾನುವಾರದ ಕಥೆ ಹೇಳಿ ಹೆದರಿಸತೊಡಗಿದರು. ಅಜ್ಜಿಯೊಬ್ಬರು ಮಾತ್ರ, ಮೇಷ್ಟ್ರು ಸ್ಕೂಲಿಗೆ ಹೋಗುವಾಗ ಜಗಲಿಯಿಂದ ಕೂಗುತ್ತಿದ್ದರು: “ಮತ್ ಯಾವತ್ತಪ್ಪ ಬಂಡೆ ತಾವ್ಕೆ ಓಗದು?” ಅವರು ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು. ಮರುವರ್ಷ ತಾವೇ ಕೇಳಿಕೊಂಡು ಅರಕಲಗೂಡಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಅವರು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲವಂತೆ.

ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದ ಮೇಲೂ ನನಗೆ ರಾತ್ರಿ ಹೊಳೆ ಏರಿದ ಹಾಗೆ ಕಾಲಡಿ ತಣ್ಣಗಾದಂತಾಗಿ ಎಚ್ಚರವಾಗುತ್ತಿತ್ತು. ಹೀಗೇ ವರ್ಷಗಳು ಕಳೆದವು. ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ, ಇವತ್ತು ನಿದ್ದೆ ಬಂದ ಹಾಗೇ ಎಂದುಕೊಂಡೇ ಮಲಗಿದೆ. ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿಂದೀಚೆಗೆ ಹೊಳೆ ನನ್ನ ನಿದ್ದೆಗೆ ಬಂದಿಲ್ಲ. ಊರಿಗೆ ಹೋದರೂ ಅತ್ತ ಕಾಲು ಏಳುವುದಿಲ್ಲ. ಒಬ್ಬರು ಅಷ್ಟು ಆಸೆಯಿಂದ ಕರೆದುಕೊಂಡು ಹೋಗಿದ್ದ ಜಾಗ ಅದು...