ಹೆಗಲ ಮೇಲೆ ಎರಡು ಹನಿ

ಮೊನ್ನೆ ಭಾಂಡುಪ್‌ನ ನಮ್ಮ ಬಿಲ್ಡಿಂಗಿಗೆ ಪೆಸ್ಟ್ ಕಂಟ್ರೋಲಿನವನು ಬಂದಿದ್ದ. ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ಅಡುಗೆಮನೆಯ ಮೂಲೆಗಳಿಗೆಲ್ಲ ಔಷಧಿ ಹೊಡೆದ. ಸೀಮೆಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಂಥ ವಾಸನೆ. ಮೂಗಿಗೆ ಬಡಿದದ್ದೇ ತಡ, ಬಾಲ್ಕನಿಗೆ ಹೋಗಿ ನಿಂತೆ. ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ...

ಆಗ ನಾನು ಒಂದು ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಬರೆದುಕೊಡುವ ಕಿಟಕಿಯಲ್ಲಿ ಕೂರುತ್ತಿದ್ದೆ. ಕ್ಯಾಶುವಲ್ಟಿಯ ಹಿರಿಯ ಸಿಸ್ಟರ್ ಉಡುಪಿ ಕಡೆಯವರು. ಊರಿಗೆಲ್ಲ ಸಿಸ್ಟರ್, ನನಗೆ ಮಾತ್ರ ಅಕ್ಕ. ಬಾಯಿ ಬಲು ಜೋರು. ರೋಗಿಯ ಕಡೆಯವರನ್ನು ಗದರಿಸಿ ಹೊರಗೆ ಹಾಕುತ್ತಿದ್ದರು, ಮತ್ತೆ ಅವರಿಗೇ ಕ್ಯಾಂಟೀನಿನಿಂದ ಚಹಾ ತರಿಸುತ್ತಿದ್ದರು. ದಮ್ಮು ಇತ್ತು. ಏಪ್ರನ್ ಕಿಸೆಯಲ್ಲಿ ಉಸಿರಿಗೆ ಎಳೆದುಕೊಳ್ಳುವ ಪಂಪ್ ಇಲ್ಲದೆ ಅವರನ್ನು ನೋಡಿದ ನೆನಪಿಲ್ಲ.

ಬಾಂಬು, ಗುಂಡು ಎಲ್ಲ ಕಂಡಿದ್ದ ಮುಂಬಯಿಯಲ್ಲಿ ಇನ್ನು ವಿಷದ ದಾಳಿಯೇ ಆದರೆ ಏನು ಗತಿ ಎಂದು ಮೇಲಿನವರಿಗೆ ಹೊಳೆದು, ವರ್ಷಕ್ಕೊಮ್ಮೆ ಮಾಕ್ ಡ್ರಿಲ್ ಶುರುವಾಯಿತು. ಪಾಠ ಬಹಳ ಸುಲಭ. ವಿಷ ತಾಗಿದವರ ಬಟ್ಟೆಯನ್ನು ಬಾಗಿಲ ಹೊರಗೇ ತೆಗೆಸಿ, ಮೈ ಪೂರ್ತಿ ತೊಳೆದು, ಆಮೇಲೆ ಒಳಗೆ ತರಬೇಕು. ಡಾಕ್ಟರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಇದು ಗೊತ್ತಿತ್ತು. ಆಂಬುಲೆನ್ಸ್ ನಿಲ್ಲುವಲ್ಲಿ ಶವರ್ ಕೂಡ ಹಾಕಿಸಿದರು. ಅದರ ಸುತ್ತ ಪರದೆ ಮಾತ್ರ ಹಾಕಿಸಲಿಲ್ಲ. ಅಕ್ಕ ಕೇಳಿ ಕೇಳಿ ಸಾಕಾದರು. "ನೋಡೋಣ" ಎಂಬುದೊಂದೇ ಆಫೀಸಿನ ಉತ್ತರ. ಡ್ರಿಲ್ಲಿನ ಬ್ಯಾನರ್ ಮಾತ್ರ ಪ್ರತಿ ಸಲವೂ ಹೊಸದು.

ಒಂದು ವರ್ಷ ನನ್ನನ್ನೇ ರೋಗಿ ಮಾಡಿ ಸ್ಟ್ರೆಚರ್ ಮೇಲೆ ಮಲಗಿಸಿದರು. ಸುತ್ತ ಜನ, ಕ್ಯಾಮೆರಾ. ದುಪಟ್ಟಾ ತೆಗೆಯುವುದಕ್ಕೂ ನಾಚಿಕೆ. ಅಕ್ಕ ಬಗ್ಗಿ ಕಿವಿಯಲ್ಲಿ ಹೇಳಿದರು: "ಹೆದರಬೇಡ ಮಾರಾಯ್ತಿ. ಶಾಸ್ತ್ರಕ್ಕೆ ಎರಡು ಹನಿ ಹಾಕ್ತೇನೆ, ಅಷ್ಟೆ." ಮಗ್ಗಿನಿಂದ ನನ್ನ ಹೆಗಲಿಗೆ ಎರಡು ಹನಿ ಬಿತ್ತು, ಸ್ಟ್ರೆಚರ್ ಒಳಗೆ ಹೋಯಿತು. ಹೆಂಗಸರ ಮಾನ ಕಾಯಲು ಅವರು ಹುಡುಕಿದ ಉಪಾಯ ಅದು. ಮುಂದಿನ ಡ್ರಿಲ್ಲುಗಳಲ್ಲಿ ಗಂಡಸರಿಗೂ ಅದೇ ಎರಡು ಹನಿ. ಬೇಗ ಮುಗಿಯುತ್ತದಲ್ಲ, ಆಫೀಸಿನವರಿಗೂ ಖುಷಿ.

ದಾಳಿ ಬರಲಿಲ್ಲ. ಒಂದು ಮಧ್ಯಾಹ್ನ ಟೆಂಪೋ ಬಂತು. ಕುರ್ಲಾ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೀಟನಾಶಕದ ಡ್ರಮ್ ಒಡೆದು, ಬಾಟಲಿ ತುಂಬುತ್ತಿದ್ದ ಹೆಂಗಸರ ಮೈಮೇಲೆ ಸುರಿದಿತ್ತು. ಭಯೋತ್ಪಾದಕ ಸುರಿದರೇನು, ತುಕ್ಕು ಹಿಡಿದ ಡ್ರಮ್ ಸುರಿದರೇನು, ಮೈಗೆ ಎರಡೂ ಒಂದೇ. ಅಕ್ಕ ಒಳಗೆ ಬೇರೆ ರೋಗಿಯ ಹತ್ತಿರ ಇದ್ದರು. ಬಾಗಿಲಲ್ಲಿದ್ದ ನಮ್ಮವರು ಗಾಬರಿಯಲ್ಲಿ ಕೈಗೆ ರೂಢಿಯಾದದ್ದನ್ನೇ ಮಾಡಿದರು. ಒಬ್ಬೊಬ್ಬರ ಹೆಗಲಿಗೂ ಎರಡು ಹನಿ ಹಾಕಿ, ವಿಷದಲ್ಲಿ ತೊಯ್ದ ಸೀರೆಯಲ್ಲೇ ಒಳಗೆ ಬಿಟ್ಟರು. ಆ ಹೆಂಗಸರು ನನ್ನ ಕಿಟಕಿಯ ಮುಂದೆಯೇ ಹೋದರು. ಆ ವಾಸನೆ...

"ಅಯ್ಯೋ ದೇವರೇ, ತೊಳೀಲೇ ಇಲ್ವಾ!" ಎಂದು ಅಕ್ಕ ಕಿರುಚಿದ್ದು ನನಗೆ ಕೇಳಿಸಿತು. ಮತ್ತೆ ಹೊರಗೆ ಕಳಿಸೋಣವೆಂದರೆ ಪರದೆಯಿಲ್ಲ, ಗೇಟಿನ ತುಂಬ ಮೊಬೈಲ್ ಎತ್ತಿ ಹಿಡಿದ ಜನ. ಎಸಿಯ ಮುಚ್ಚಿದ ಕೋಣೆಯಲ್ಲೇ ಕತ್ತರಿ ತೆಗೆದುಕೊಂಡು ಸೀರೆಗಳನ್ನು ಕತ್ತರಿಸಿದರು, ತಬ್ಬಿ ಎಬ್ಬಿಸಿ ಮೈ ತೊಳೆದರು. ಕೊನೆಯವಳ ಹತ್ತಿರ ಬರುವಷ್ಟರಲ್ಲಿ ಅವರಿಗೇ ಉಸಿರು ಕಟ್ಟಿತು. ಪಂಪ್ ಕೆಲಸಕ್ಕೆ ಬರಲಿಲ್ಲ. ಆ ಹೆಂಗಸರೆಲ್ಲ ಬದುಕಿದರು. ಅಕ್ಕ ಕೆಲವು ದಿನ ನಮ್ಮದೇ ಐಸಿಯುನಲ್ಲಿದ್ದು ಹೋಗಿಬಿಟ್ಟರು.

ವಿಚಾರಣೆಯಾಯಿತು. ಎರಡು ಹನಿಯ ರೂಢಿ ಹಾಕಿದ್ದು ಅವರೇ ಎಂದು ತೀರ್ಮಾನಿಸಿ ಎಲ್ಲರೂ ಕೈ ತೊಳೆದುಕೊಂಡರು. ಹೌದು, ಅವರೇ. ಅದಕ್ಕೆ ನನಗೆ ಅಕ್ಕನ ಮೇಲೂ ಕೋಪವಿದೆ. ಅಷ್ಟು ಜೋರು ಬಾಯಿಯವರು, ಪರದೆ ಬರುವವರೆಗೆ ಡ್ರಿಲ್ಲೇ ಬೇಡ ಎಂದು ಕೂತುಬಿಡಬಾರದಿತ್ತೇ? ಆದರೆ ಒಂದು ಪರದೆ! ನಾಲ್ಕು ಕೋಲು, ಒಂದಿಷ್ಟು ಬಟ್ಟೆ. ಗಣಪತಿ ಮಂಟಪಕ್ಕೆ ಆಸ್ಪತ್ರೆಯ ಅಂಗಳದಲ್ಲೇ ವರ್ಷ ವರ್ಷ ಕಟ್ಟುತ್ತಿದ್ದರಲ್ಲ, ಅಷ್ಟೇ ಕೆಲಸ. ನಾಚಿಕೆಗೆಟ್ಟವರು. ಶೋಕಸಭೆಗೂ ಬ್ಯಾನರ್ ಮಾಡಿಸಿದರು, ಅಕ್ಕನ ಫೋಟೋ ಹಾಕಿ.

ಪೆಸ್ಟ್ ಕಂಟ್ರೋಲಿನವನು ಕೆಲಸ ಮುಗಿಸಿ ಹೊರಟಾಗ ನೋಡಿದೆ. ಟ್ಯಾಂಕ್ ಸೋರಿ ಅಂಗಿಯ ಬೆನ್ನೆಲ್ಲ ಒದ್ದೆ. ಸುಮಾರು ನನ್ನ ವಯಸ್ಸಿನವನೇ.

"ಪೆಹಲೆ ಶರ್ಟ್ ಉತಾರೋ!" ಎಂದು ಕೂಗಿದೆ, ಮೊದಲು ಅಂಗಿ ಬಿಚ್ಚು ಅಂತ.

ಅವನು ನಾಚಿ, "ಘರ್ ಜಾಕೆ ಧೋ ಲೂಂಗಾ, ಭಾಭಿ" ಅಂದ. ಮನೆಗೆ ಹೋಗಿ ತೊಳೆಯುತ್ತಾನಂತೆ! ಸಾಬೂನು, ಟವೆಲ್, ನಮ್ಮವರ ಹಳೇ ಅಂಗಿ ಕೊಟ್ಟು ಬಚ್ಚಲಿಗೆ ಅಟ್ಟಿದೆ. ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿದೆ. ನಾಲ್ಕೈದು ಮಗ್ಗಿಗೇ ಸದ್ದು ನಿಂತಿತು.

"ಔರ್ ಡಾಲೋ," ಎಂದೆ. ಇನ್ನೂ ಸುರಿದುಕೊಳ್ಳಲಿ.

ಮತ್ತೆ ನೀರು ಬೀಳತೊಡಗಿತು. ಬೀಳಲಿ, ಬಕೆಟ್ ಖಾಲಿಯಾಗಲಿ... ಅಕ್ಕನನ್ನು ಅವತ್ತು ಐಸಿಯುಗೆ ಒಯ್ದದ್ದು ವಿಷದಲ್ಲಿ ಒದ್ದೆಯಾದ ಆ ಏಪ್ರನ್ನಿನಲ್ಲೇ.