ಹೊರಗೆ ಬಿಟ್ಟ ದಾರದ ತುದಿ

ನನ್ನ ಮೈದುನನ ಬೆರಳುಗಳಲ್ಲಿ ಯಾವಾಗಲೂ ಮೇಣದ ವಾಸನೆ ಇರುತ್ತಿತ್ತು. ಗ್ಯಾರೇಜಿನವರ ಕೈ ಎಂದರೆ ಗ್ರೀಸು, ಪೆಟ್ರೋಲು ನಾರುವುದೇ ಹೆಚ್ಚು. ಇವನು ಕಾರುಗಳ ವೈರಿಂಗ್ ಕೆಲಸದವನು. ಕಡಿದುಹೋದ ವೈರನ್ನು ಹೆಣೆದು ಜೋಡಿಸಿದ ಮೇಲೆ, ಮೇಣ ತಿಕ್ಕಿದ ನೂಲಿನ ದಾರವನ್ನು ಅದರ ಸುತ್ತ ಒತ್ತೊತ್ತಾಗಿ ಸುತ್ತಿ, ಆಮೇಲೆ ಕಪ್ಪು ಟೇಪು ಹಾಕುತ್ತಿದ್ದ. ದಾರ ನನ್ನದು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವನ ಗ್ಯಾರೇಜಿನ ಒಂದು ಮೂಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ನಾನು ಸೀಟ್ ಕವರ್ ಹೊಲಿಯುತ್ತಿದ್ದೆ. ನನ್ನ ಮಿಷನ್ ನಿಂತರೆ ಅವನ ಮಾತು ಕೇಳಿಸುತ್ತಿತ್ತು, ಅವನ ಮಾತು ನಿಂತರೆ ನನ್ನ ಮಿಷನ್. ಒಂದೇ ತಗಡಿನ ಸೂರಿನ ಕೆಳಗೆ ಹಾಗೇ ವರ್ಷಗಳು ಉರುಳಿದವು.

ಊರಿನವರು ಅವನನ್ನು ದಾರದಣ್ಣ ಎನ್ನುತ್ತಿದ್ದರು. ಬೇರೆ ಗ್ಯಾರೇಜಿನವರು ಯಾವುದೋ ಕಾರಿನ ಒಳಗೆ ಕೈ ಹಾಕಿದಾಗ ಉಬ್ಬಿದ ಜೋಡಣೆಯೊಂದು ಬೆರಳಿಗೆ ಸಿಕ್ಕರೆ ಸಾಕು, ‘ಇದು ದಾರದಣ್ಣಂದು, ಬಿಡು’ ಎಂದು ಮುಂದೆ ಹೋಗುತ್ತಿದ್ದರಂತೆ. ಅವನ ಜೋಡಣೆಗೆ ಇನ್ನೊಂದು ಗುರುತೂ ಇತ್ತು. ದಾರ ಸುತ್ತಿ ಮುಗಿಸುವಾಗ ಅದರ ತುದಿಯನ್ನು ಟೇಪಿನಿಂದಾಚೆ ಬೆರಳಗಲ ಬಿಡುತ್ತಿದ್ದ. ಕೆಲಸ ಕಲಿಸಿದ ಗುರು ಹಾಗೆ ಹೇಳಿಕೊಟ್ಟಿದ್ದರಂತೆ. ‘ನಾಳೆ ಇದನ್ನ ಯಾರೋ ಬಿಚ್ಚಬೇಕಾಗತ್ತೆ ಅತ್ತಿಗೆ. ತುದಿ ಸಿಗದೆ ಚಾಕು ಹಾಕಿ ಗೀರಿದ್ರೆ ವೈರು ಹಾಳಾಗತ್ತೆ. ತುದಿ ಹೊರಗಿದ್ರೆ ಎಳೆದ್ರೆ ಸಾಕು, ಬಿಚ್ಕೊಳತ್ತೆ’ ಎನ್ನುತ್ತಿದ್ದ. ತಾನು ಕಣ್ಣಲ್ಲೂ ಕಾಣದ ಯಾರೋ ಒಬ್ಬನ ಸಲುವಾಗಿ ಇಷ್ಟು ಯೋಚಿಸುವವನು ಮದುವೆಯನ್ನೇ ಆಗಲಿಲ್ಲ. ನಾನು ಆ ಮಾತೆತ್ತಿದರೆ, ‘ಈ ಗ್ರೀಸ್ ಮೂತಿಗೆ ಯಾರು ಹೆಣ್ಣು ಕೊಡ್ತಾರೆ, ಸುಮ್ನಿರಿ ಅತ್ತಿಗೆ’ ಎಂದು ನಕ್ಕು ಕಾರಿನ ಅಡಿಗೆ ನುಸುಳಿಬಿಡುತ್ತಿದ್ದ.

ಆಸ್ಪತ್ರೆ ಡ್ರೈವರ್ ಎಂದು ಒಬ್ಬನಿದ್ದ. ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವನಲ್ಲ, ಕಿಡ್ನಿ ಕೆಟ್ಟು ವಾರವಾರ ರಕ್ತ ಶುದ್ಧಿ ಮಾಡಿಸಿಕೊಳ್ಳುವ ರೋಗಿಗಳನ್ನು ಮನೆಯಿಂದ ಕರೆದೊಯ್ದು ಮತ್ತೆ ಮನೆ ಮುಟ್ಟಿಸುವುದು ಅವನ ಬಾಡಿಗೆ. ಬಾಯಿ ಜೋರು, ಕರುಳು ಮೆದು. ಅವನ ಕಾರಿಗೆ ವಯಸ್ಸಾಗಿತ್ತು. ಹಿಂದಿನ ಎಡ ಚಕ್ರದ ಹತ್ತಿರ ಇಲಿ ಕಡಿದ ವೈರೊಂದನ್ನು ಬಹಳ ಹಿಂದೆ ನನ್ನ ಮೈದುನನೇ ಜೋಡಿಸಿಕೊಟ್ಟಿದ್ದ. ಆಮೇಲೆ ಆ ಕಾರು ನಮ್ಮ ಕಡೆ ಬಂದಿದ್ದು ಸೀಟಿನ ಬಟ್ಟೆ ಹರಿದಾಗ ಮಾತ್ರ.

ಒಂದು ಬೆಳಿಗ್ಗೆ ಡ್ರೈವರ್ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿದವನೇ ಕೂಗಿದ.

‘ಅಣ್ಣಾ, ನಿಮ್ಮನೆ ದೀಪ ಬೇಕಾದ್ರೂ ಹೋಗ್ತದೆ, ನನ್ನ ಗಾಡಿ ದೀಪ ಹೋಗಲ್ಲ ನೋಡಿ!’

ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಉರಿಯುತ್ತಿತ್ತು. ಅದೇನೆಂದು ನಾನು ಕೇಳಿದ್ದಕ್ಕೆ ಮೈದುನ ಬಿಡಿಸಿ ಹೇಳಿದ: ನಾಲ್ಕು ಚಕ್ರಕ್ಕೂ ಒಂದೊಂದು ಸೆನ್ಸರ್ ಇರುತ್ತದೆ, ಹೆಬ್ಬೆರಳಿನಷ್ಟು ದೊಡ್ಡದು. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಅದು ಮುಂದೆ ಇಂಜಿನ್ ಹತ್ತಿರ ಇರುವ ಕಂಪ್ಯೂಟರ್ ಡಬ್ಬಿಗೆ ಹೇಳುತ್ತಲೇ ಇರಬೇಕು. ಆಗ ಗಕ್ಕನೆ ಬ್ರೇಕು ಹಾಕಿದರೂ ಚಕ್ರ ಜಾರದಂತೆ ಡಬ್ಬಿ ನೋಡಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದರ ಮಾತು ನಿಂತರೂ ಈ ದೀಪ ಹತ್ತುತ್ತದೆ. ಕೀಲಿ ತಿರುಗಿಸಿದಾಗ ಒಂದು ಗಳಿಗೆ ಹತ್ತಿ ಆರಿದರೆ ಎಲ್ಲ ಸರಿ. ಆರದಿದ್ದರೆ ಎಲ್ಲೋ ಐಬಿದೆ.

‘ಗಾಡಿ ತಪಾಸಣೆಗೆ ಹೋಗಿದ್ದೆ ಅಣ್ಣ, ವಾಪಸ್ ಕಳಿಸಿದ್ರು,’ ಡ್ರೈವರನ ದನಿ ಇಳಿಯಿತು. ‘ತಿಂಗಳು ಬಿಟ್ಟು ಇನ್ನೊಂದ್ಸಲ ನೋಡ್ತಾರಂತೆ. ಆಗಲೂ ದೀಪ ಉರೀತಿದ್ರೆ ರೋಗಿಗಳನ್ನ ಕೂರಿಸೋ ಹಾಗಿಲ್ಲ. ಗಾಡಿ ಗುಜರಿಗೆ, ನಾನು ಮನೆಗೆ.’

‘ಗುಜರಿಗೆ ಹೋಗೋ ವಯಸ್ಸು ಅದರದ್ದಲ್ಲ, ನಿಂದು,’ ಎಂದ ಮೈದುನ. ‘ಇಟ್ಟು ಹೋಗು. ನಾನಿದೀನಿ.’

ನಾನಿದೀನಿ ಎಂದು ಅವನು ಸುಮ್ಮಸುಮ್ಮನೆ ಹೇಳುವವನಲ್ಲ. ಹೇಳಿದ ಮೇಲೆ ಅದು ಅವನಿಗೆ ಊಟ ನಿದ್ದೆ ಬಿಡಿಸುವ ಮಾತು.

ಪಕ್ಕದ ಗ್ಯಾರೇಜಿನಿಂದ ಐಬು ಎಲ್ಲಿದೆ ಎಂದು ತೋರಿಸುವ ಕೈ ಕಂಪ್ಯೂಟರ್ ತಂದು ಕಾರಿಗೆ ಸಿಕ್ಕಿಸಿದ. ಹಿಂದಿನ ಎಡ ಚಕ್ರ ಎಂದು ಅದು ಹೇಳಿತು. ಸೆನ್ಸರ್ ಬದಲಾಯಿಸಿದ, ದೀಪ ಆರಿತು. ಡ್ರೈವರ್ ನನ್ನ ಮುಂದೆ ಬಂದು ಕೈ ಮುಗಿದು, ‘ಅಮ್ಮಾ, ನಿಮ್ಮ ಮೈದುನ ದೇವರು’ ಎಂದು ಹೋದವನು ಅದೇ ವಾರ ಮುಖ ಇಳಿಬಿಟ್ಟುಕೊಂಡು ಬಂದ. ‘ದೇವರು ಎದ್ದು ಹೋದ್ರು, ದೀಪ ಮಾತ್ರ ಉಳೀತು’ ಎಂದ. ಮೈದುನ ಚಕ್ರ ಕಳಚಿ, ಸೆನ್ಸರ್ ಎಣಿಸುವ ಒಳಗಿನ ಹಲ್ಲಿನ ಬಳೆಯನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದ. ಆರಿತು. ಮತ್ತೆ ಹತ್ತಿತು. ವೈರು ಸಿಕ್ಕಿಸುವ ಪ್ಲಗ್ಗನ್ನೇ ಬದಲಾಯಿಸಿದ. ಆರಿತು, ಮತ್ತೆ ಹತ್ತಿತು. ಮೀಟರಿನ ಎರಡು ಕಡ್ಡಿಗಳನ್ನು ವೈರಿನ ಈ ತುದಿಗೆ, ಆ ತುದಿಗೆ ಇಟ್ಟು ನೋಡಿದರೆ ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಗ್ಯಾರೇಜಿನಲ್ಲಿ ಸಾಧುವಾಗಿ ಇರುತ್ತಿದ್ದ ಕಾರು ಡ್ರೈವರನ ಮನೆಗೆ ಹೋದ ಮೇಲೆ ಹಟ ಮಾಡುತ್ತಿತ್ತು.

ತಪಾಸಣೆಯ ದಿನ ಹತ್ತಿರವಾಯಿತು. ಡ್ರೈವರ್ ಒಂದು ಮಧ್ಯಾಹ್ನ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ.

‘ಅಣ್ಣ, ಒಂದ್ಮಾತು. ಈ ದೀಪದ ವೈರನ್ನ ಆಯಿಲ್ ದೀಪದ ವೈರಿಗೆ ಕಟ್ಬಿಡಿ. ಕೀಲಿ ತಿರುಗಿಸಿದ್ರೆ ಅದರ ಜೊತೆ ಹತ್ತಿ, ಅದರ ಜೊತೆ ಆರತ್ತೆ. ನೋಡೋರಿಗೆ ಸರಿಯಾಗೇ ಕಾಣತ್ತೆ. ಎಲ್ಲಾ ಕಡೆ ಮಾಡ್ತಾರೆ.’

‘ಮಾಡ್ತಾರೆ, ನಂಗೂ ಬರತ್ತೆ,’ ಎಂದ ಮೈದುನ. ‘ಹಿಂದಿನ ಸೀಟಲ್ಲಿ ಸುಸ್ತಾಗಿ ಮಲಗಿರೋರಿಗೆ ಏನ್ ಹೇಳ್ತೀಯ? ಇವತ್ತು ಬ್ರೇಕ್ ಜೋರಾಗಿ ಒತ್ತಲ್ಲ, ಹೆದರ್ಬೇಡಿ ಅಂತೀಯಾ?’

ಡ್ರೈವರ್ ತಲೆ ತಗ್ಗಿಸಿದ. ಆಮೇಲೆ, ‘ಬೈಯೋದಿದ್ರೆ ಬೈರಿ ಅಣ್ಣ, ಹಿಂಗೆ ಮೆತ್ತಗೆ ಹೇಳ್ಬೇಡಿ’ ಎಂದು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ.

ನನಗೆ ಓದು ಬರಹ ಅಷ್ಟಕ್ಕಷ್ಟೇ. ಕಾರಿನ ಒಳಗಿನದು ಏನೂ ತಿಳಿಯದು. ಆದರೆ ಮಿಷನ್ ನಿಲ್ಲಿಸಿ ಬಟ್ಟೆ ಕತ್ತರಿಸುವಾಗ ಕಿವಿ ಖಾಲಿಯಾಗಿರುತ್ತದಲ್ಲ, ಆಡಿದ ಮಾತೆಲ್ಲ ಬಂದು ಕೂರುತ್ತದೆ. ಡ್ರೈವರ್ ಪ್ರತಿಸಲ ದೂರುವಾಗಲೂ ಒಂದು ಮಾತು ಸೇರಿಸುತ್ತಿದ್ದ: ‘ಚೆನ್ನಾಗಿ ತೊಳೆದು ನಿಲ್ಲಿಸಿದ್ದೆ ಅಣ್ಣ, ಬೆಳಿಗ್ಗೆ ನೋಡಿದ್ರೆ ಉರೀತಿದೆ.’ ರೋಗಿಗಳು ಕೂರುವ ಗಾಡಿ ಎಂದು ಅವನು ಅದನ್ನು ತೊಳೆದದ್ದೇ ತೊಳೆದದ್ದು. ಇನ್ನೊಂದು ಮಾತು ಮೈದುನನದು. ಕಾರಿನ ಅಡಿಯಲ್ಲಿ ಮಲಗಿ ವೈರಿನುದ್ದಕ್ಕೂ ಬೆರಳಾಡಿಸುತ್ತ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದ: ‘ಪ್ಲಗ್ಗು, ಸರಿ. ಕ್ಲಿಪ್ಪು, ಸರಿ. ಇದು ನಂದೇ, ಬಿಡು. ಮುಂದೆ...’

ಅದೇ ಮಧ್ಯಾಹ್ನ ಅವನು ಕಾರಿನ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಳ್ಳುವಾಗ ನಾನು ಮಿಷನ್ ನಿಲ್ಲಿಸಿದೆ.

‘ಅಲ್ಲಪ್ಪ, ಅವನು ತೊಳೆದಾಗೆಲ್ಲ ಹತ್ತತ್ತೆ ಅಂತಾನೆ. ಒಣಗಿದ ಮೇಲೆ ಆರತ್ತೆ. ನೀರು ಎಲ್ಲೋ ಸೇರ್ತಿರಬೇಕಲ್ವಾ?’

‘ಅದು ಗೊತ್ತು ಅತ್ತಿಗೆ. ಪ್ಲಗ್ ಹೊಸದು, ಒಳಗೆ ಹನಿ ನೀರಿಲ್ಲ. ಸೆನ್ಸರ್ ಹೊಸದು.’

‘ನೀನು ಹಾಕಿದ್ದ ಜೋಡಣೆ?’

ಅವನು ನನ್ನ ಮುಖ ನೋಡಿದ. ‘ಅದಕ್ಕೇನಾಗಿದೆ?’

‘ನಂಗೇನು ಗೊತ್ತು. ನೀನು ಎಲ್ಲಾ ಬಿಚ್ಚಿ ನೋಡಿದೆ, ಅದೊಂದು ಬಿಚ್ಚಲಿಲ್ಲ. ಅದಕ್ಕೆ ಕೇಳ್ದೆ.’

‘ಅತ್ತಿಗೆ!’ ಎಂದ. ಅಷ್ಟು ವರ್ಷಗಳಲ್ಲಿ ನನ್ನ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. ‘ನಾನು ಹಾಕಿದ್ದು ಒಂದಾದ್ರೂ ಬಿಟ್ಟಿದೆಯಾ ಇವತ್ತಿನವರೆಗೆ? ಊರಲ್ಲಿ ಯಾರನ್ನಾದ್ರೂ ಕೇಳಿ. ನೀವು ಹೊಲಿದ ಸೀಟು ನಾನು ಬಿಚ್ಚಿ ನೋಡ್ತೀನಾ?’

ನಾನು ಕತ್ತರಿಸಿಟ್ಟ ರೆಕ್ಸಿನ್ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಮೈದುನ ಟಾರ್ಚ್ ತೆಗೆದುಕೊಂಡು ಮತ್ತೆ ಕಾರಿನ ಅಡಿಗೆ ಹೋದ.

ಅವನ ಚಪ್ಪಲಿ ಹಾಕಿದ ಕಾಲುಗಳಷ್ಟೇ ನನಗೆ ಕಾಣುತ್ತಿದ್ದವು. ಮೊದಲು ಆಡುತ್ತಿದ್ದ ಕಾಲು ಸ್ತಬ್ಧವಾಯಿತು. ಎಷ್ಟೋ ಹೊತ್ತು ಹಾಗೇ ಇದ್ದು, ತೆವಳಿಕೊಂಡು ಹೊರಬಂದು, ಏಳದೆ ನೆಲದ ಮೇಲೇ ಕೂತ. ಅಂಗೈ ನನ್ನ ಕಡೆ ಚಾಚಿದ. ಅದರಲ್ಲಿ ಒದ್ದೆ ದಾರ, ಹಸಿರು ಪುಡಿ. ಒಂದು ಕಾಲದಲ್ಲಿ ತಾಮ್ರವಾಗಿದ್ದದ್ದು.

‘ನೋಡಿ ಅತ್ತಿಗೆ. ದಾರದ ತುದಿ ಹೊರಗೆ ಬಿಟ್ಟಿದ್ನಲ್ಲ, ಮೇಣ ಹೋಗಿದೆ. ಚಕ್ರದಿಂದ ಹಾರಿದ ನೀರನ್ನೆಲ್ಲ ಬತ್ತಿ ಎಣ್ಣೆ ಹೀರೋ ಹಾಗೆ ಒಳಗೆ ಎಳ್ಕೊಂಡಿದೆ. ನಾನೇ ಕುಡಿಸಿದೀನಿ ನೀರನ್ನ.’

‘ನಿನ್ನ ಗುರುಗಳು ಹೇಳಿಕೊಟ್ಟಿದ್ದಲ್ವಾ...’

‘ಅವರ ಕಾಲದ ವೈರು ದಪ್ಪ ಇರ್ತಿತ್ತು. ಲೈಟು, ಹಾರನ್ನು. ಚೂರು ಕಿಲುಬು ಹಿಡಿದ್ರೂ ಕರೆಂಟು ನುಗ್ಗಿ ಹೋಗೋದು. ಈ ಸೆನ್ಸರ್ ವೈರಲ್ಲಿ ಹೋಗೋದು ಪಿಸುಮಾತು ಅತ್ತಿಗೆ. ಪಿಸುಮಾತಿಗೆ ಇಷ್ಟು ಕಿಲುಬು ಸಾಕು, ಕೇಳ್ಸಲ್ಲ. ಕಾಲ ಬದಲಾಯ್ತು, ನಾನು ಅದೇ ದಾರ ಸುತ್ತುತಾ ಕೂತೆ.’

ಡ್ರೈವರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವನಿಗೆ ಹೇಳದೆ ಹೊಸದಾಗಿ ಜೋಡಿಸಿ ಕಳಿಸಿಬಿಡಬಹುದಿತ್ತು, ಯಾರಿಗೆ ತಿಳಿಯುತ್ತಿತ್ತು? ಮೈದುನ ಎದ್ದು ಹೋಗಿ ಅಂಗೈಯನ್ನು ಅವನ ಮುಂದೆಯೂ ಹಿಡಿದ.

‘ತಪ್ಪು ನಿನ್ನ ಗಾಡಿದಲ್ಲ. ನಂದು.’

ಡ್ರೈವರನ ಮುಖ ಕೆಂಪಾಯಿತು. ‘ಅಂದ್ರೆ ಇಷ್ಟು ದಿನ ನನ್ನ ಕುಣಿಸಿದ್ದು ನೀವೇ ಅಂತಾಯ್ತು. ಮನೇಲಿ ಹೆಂಡತಿ ಮುಖ ನೋಡಕ್ಕಾಗ್ತಿರ್ಲಿಲ್ಲ ಅಣ್ಣ ನಂಗೆ. ರೋಗಿಗಳಿಗೆ ಬೇರೆ ಗಾಡಿ ನೋಡ್ಕೊಳ್ಳಿ ಅಂತ ಹೇಳಿ ಬಂದಿದೀನಿ.’

‘ಹೌದು,’ ಎಂದ ಮೈದುನ.

ಕೆಟ್ಟ ವೈರನ್ನು ಪೂರ್ತಿ ಕತ್ತರಿಸಿ ತೆಗೆದು, ಹೊಸ ವೈರು ಬೆಸೆದು, ಬಿಸಿ ತಾಗಿಸಿದರೆ ಕುಗ್ಗಿ ಅಂಟಿಕೊಳ್ಳುವ ಕೊಳವೆಯನ್ನು ಮೇಲೆ ತೊಡಿಸಿದ. ಆಮೇಲೆ ಬಕೆಟ್ಟಿನಲ್ಲಿ ನೀರು ತಂದು ಆ ಚಕ್ರಕ್ಕೆ ಎರಚಿದ, ಮತ್ತೆ ತಂದ, ಮತ್ತೆ ಎರಚಿದ. ಅಂಗಳವೆಲ್ಲ ಕೆಸರಾಯಿತು. ಸಿಟ್ಟಿನಲ್ಲೇ ಇದ್ದ ಡ್ರೈವರ್ ಕೊನೆಗೆ ಬಕೆಟ್ ಕಿತ್ತುಕೊಂಡು, ‘ಸೊಂಟ ಹಿಡಿದ್ರೆ ಅದನ್ನ ಯಾರು ರಿಪೇರಿ ಮಾಡ್ತಾರೆ? ಕೊಡಿ ಇಲ್ಲಿ’ ಎಂದು ತಾನೇ ಎರಚಿದ. ಕಾರು ಬೀದಿ ಸುತ್ತಿ ಬಂತು. ದೀಪ ಹತ್ತಲಿಲ್ಲ. ತಪಾಸಣೆಯ ದಿನವೂ ಹತ್ತಲಿಲ್ಲ.

ಡ್ರೈವರನ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು. ನನ್ನ ಮೈದುನನಿಗೆ ಮುಗಿಯಲಿಲ್ಲ. ಮರುದಿನ ಮೇಣದ ಬಿಲ್ಲೆಯನ್ನೂ ದಾರದ ಉಂಡೆಯನ್ನೂ ತಂದು ನನ್ನ ಮಿಷನ್ ಮೇಲಿಟ್ಟ. ‘ನಿಮ್ಮದು ನಿಮಗೆ, ಅತ್ತಿಗೆ.’ ಆಮೇಲೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ. ರಸ್ತೆಯಲ್ಲಿ ಹಳೆಯ ಕಾರು ಕಂಡರೆ ಎದ್ದು ಕೈ ಅಡ್ಡ ಹಿಡಿಯುತ್ತಿದ್ದ. ‘ನಿಮ್ಮ ಗಾಡಿಗೆ ನಾನು ಕೈ ಹಾಕಿದ್ದೆ. ಚಕ್ರದ ಹತ್ತಿರ ಒಂದು ಜೋಡಣೆ ಇದೆ, ಬದಲಾಯಿಸಿ ಕೊಡ್ತೀನಿ’ ಎಂದರೆ ಕೆಲವರು ನಿಲ್ಲಿಸುತ್ತಿದ್ದರು. ಕೆಲವರು, ‘ಚೆನ್ನಾಗಿ ಓಡ್ತಿದೆ ಕಣಣ್ಣ, ಯಾಕೆ ಕೆದಕ್ತೀರ’ ಎಂದು ಹೋಗುತ್ತಿದ್ದರು. ದಾರದಣ್ಣನಿಗೆ ಅರಳು ಮರಳು ಎಂದು ಪಕ್ಕದ ಗ್ಯಾರೇಜಿನವನು ನಕ್ಕಿದ್ದೂ ನನ್ನ ಕಿವಿಗೆ ಬಿತ್ತು. ಬಿಚ್ಚಿದವುಗಳಲ್ಲಿ ಎಷ್ಟೋ ಜೋಡಣೆಗಳು ಒಳಗೆ ಹೊಸದರ ಹಾಗೇ ಹೊಳೆಯುತ್ತಿದ್ದವು. ಅವನ್ನು ನೋಡಿ ಅವನಿಗೆ ಖುಷಿಯಾಗಬೇಕಿತ್ತು. ಹಸಿರು ಹಿಡಿದದ್ದೊಂದು ಸಿಕ್ಕ ದಿನ ಮಾತ್ರ ಅವನು ತಟ್ಟೆಯ ಮುಂದೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಿದ್ದ.

‘ಸಾಕು ಮಾಡೋ,’ ಎಂದೆ ಒಮ್ಮೆ. ‘ಎಲ್ಲಾ ನಿನ್ನ ಕೈಗೆ ಸಿಗಲ್ಲ.’

‘ಸಿಗಲ್ಲ ಅತ್ತಿಗೆ. ಅದಕ್ಕೇ ಬಾಗಿಲಲ್ಲಿ ಕೂತಿರೋದು.’

ಕೂತಲ್ಲೇ ಅವನಿಗೆ ಉಬ್ಬಸ ಶುರುವಾಯಿತು. ಎದೆಯಲ್ಲಿ ನೀರು ತುಂಬುತ್ತಿದೆ ಎಂದರು ಡಾಕ್ಟರು. ಆಸ್ಪತ್ರೆಗೆ ಹೋಗಿ ಬರಬೇಕಾದಾಗಲೆಲ್ಲ ಹೇಳಿಕಳಿಸುವ ಮುಂಚೆಯೇ ಡ್ರೈವರ್ ಕಾರು ತಂದು ನಿಲ್ಲಿಸುತ್ತಿದ್ದ. ‘ಹಿಂದೆ ಮಲಗಿ ಅಣ್ಣ’ ಎಂದರೆ ಮೈದುನ ಕೇಳುತ್ತಿರಲಿಲ್ಲ, ಮುಂದೆಯೇ ಕೂರಬೇಕು. ಡ್ರೈವರ್ ಕೀಲಿ ತಿರುಗಿಸುತ್ತಿದ್ದ. ಹಳದಿ ದೀಪ ಹತ್ತುತ್ತಿತ್ತು. ಮೈದುನ ಮೇಲುಸಿರಿನಲ್ಲೂ ಕೈ ಎತ್ತಿ, ‘ಇರು’ ಎನ್ನುತ್ತಿದ್ದ. ದೀಪ ಆರುತ್ತಿತ್ತು. ‘ಹೂಂ, ಹೊರಡು.’

ಪ್ರತಿಸಲವೂ ಹೀಗೇ. ‘ನಂಬಿಕೆ ಇಲ್ವಾ ಅಣ್ಣ ನಿಮ್ಮ ಕೆಲಸದ ಮೇಲೆ?’ ಎಂದು ಡ್ರೈವರ್ ಕೆಣಕಿದರೆ, ‘ಇದ್ದಿದ್ದಕ್ಕೇ ಅಲ್ವಾ ಅವತ್ತು ಕೆಟ್ಟಿದ್ದು’ ಎಂದು ಸಣ್ಣಗೆ ನಗುತ್ತಿದ್ದ.

ಕೊನೆಯ ಸಲ ಆಸ್ಪತ್ರೆಯಿಂದ ನಾನೊಬ್ಬಳೇ ಹಿಂತಿರುಗಬೇಕಾಯಿತು. ಅವನನ್ನು ಆಸ್ಪತ್ರೆಯ ಗಾಡಿಯಲ್ಲಿ ಆಮೇಲೆ ಕಳಿಸುತ್ತೇವೆ ಎಂದಿದ್ದರು. ನಾನು ಹಿಂದೆ ಕೂತೆ. ಮುಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ನಾನು ಹೊಲಿದ ಕವರಿನ ಮೇಲೆ ಅವನು ಒರಗುತ್ತಿದ್ದ ಕಡೆ ಬಣ್ಣ ಮಾಸಿತ್ತು. ಡ್ರೈವರ್ ಕೀಲಿ ತಿರುಗಿಸಿದ. ದೀಪ ಹತ್ತಿತು. ಆರಿತು. ಅವನು ಗೇರಿನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದ. ಹಿಂದಿನ ಗಾಡಿಯವನು ಹಾರನ್ ಹೊಡೆದರೂ ಅಲ್ಲಾಡಲಿಲ್ಲ.

ಅವನು ಯಾವುದಕ್ಕೆ ಕಾಯುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

‘ಹೂಂ,’ ಎಂದೆ. ‘ಹೊರಡಪ್ಪ.’