ಮೀನು ಸಾರಿಗೆ ಬೀಳದ ಮಾತ್ರೆ

ಕೋವಿಡ್ ಹಿಂದೆ ಸರಿದ ಮರುವರ್ಷದ ಮಾತು. ಆಗ ನಾನು ದೇರೆಬೈಲಿನಲ್ಲಿ ಮನೋವೈದ್ಯನಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಪಣಂಬೂರು ಬಂದರಿನ ಕ್ರೇನ್ ಆಪರೇಟರ್ ವಿಲ್ಫ್ರೆಡ್ ಅವರನ್ನು (ಹೆಸರುಗಳನ್ನು ಬದಲಿಸಿದ್ದೇನೆ) ಹೆಂಡತಿ ಲವೀನಾ ಎಳೆದುಕೊಂಡೇ ಬಂದರು. ಲವೀನಾ ಕುವೈತಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದವರು.

ಕ್ರೇನಿನ ಕ್ಯಾಬಿನ್ನಿನಲ್ಲಿ ಕುಳಿತರೆ ವಿಲ್ಫ್ರೆಡ್ ಅವರ ಎದೆ ಹಿಂಡುತ್ತಿತ್ತು, ಕೈ ನಡುಗುತ್ತಿತ್ತು. ಹೃದಯದ ಪರೀಕ್ಷೆಗಳೆಲ್ಲ ಸರಿಯಿದ್ದವು. ಇದು ಪ್ಯಾನಿಕ್ ಡಿಸಾರ್ಡರ್, ಅಂದರೆ ಅಪಾಯವೇ ಇಲ್ಲದಾಗ ಸತ್ತೇ ಹೋದೆ ಎಂದು ದೇಹ ಬೊಬ್ಬೆ ಹಾಕುವ ಕಾಯಿಲೆ. ರಜೆ ಹಾಕಿ ಮನೆಯಲ್ಲಿ ಕುಳಿತಿದ್ದರು. ಮಾತಿನ ಚಿಕಿತ್ಸೆಯಿಂದ ಸ್ವಲ್ಪ ಸುಧಾರಿಸಿತು, ಆದರೆ ಕ್ರೇನ್ ಹತ್ತುವಷ್ಟಲ್ಲ. ಮಾತ್ರೆ ಎಂದರೆ ಮುಖ ತಿರುಗಿಸುತ್ತಿದ್ದರು.

“ತೂಕಡಿಕೆ ಬಂದ್ರೆ ಎಂತ ಮಾಡುದು ಡಾಕ್ಟ್ರೇ? ಕೆಳಗೆ ಜನ ಇರ್ತಾರೆ.”

ಆ ಭಯದಲ್ಲಿ ಅರ್ಥವಿತ್ತು. ನಾನು ಒತ್ತಾಯಿಸಲಿಲ್ಲ.

ಒಂದು ಸಂಜೆ ಲವೀನಾ ಒಬ್ಬರೇ ಬಂದರು. “ನೀವು ಬರೆದುಕೊಡಿ ಸಾಕು. ಮೀನು ಸಾರಿಗೆ ಹಾಕಿ ಕೊಡ್ತೇನೆ. ಅವರಿಗೆ ಗೊತ್ತೇ ಆಗುದಿಲ್ಲ.”

ನಮ್ಮೂರ ಸಾರಿನಲ್ಲಿ ಹೀಗೆ ಎಷ್ಟು ಮಾತ್ರೆ ಕರಗಿವೆಯೋ! ಪ್ರೀತಿಯಿಂದಲೇ ಮಾಡುತ್ತಾರೆ. ಆದರೂ ನನಗೆ ಸಿಟ್ಟು ಬಂತು. “ನರ್ಸ್ ಆಗಿ ಹೀಗೆ ಹೇಳ್ತೀರಲ್ಲ! ಗೊತ್ತಿಲ್ಲದೆ ನುಂಗಿ ಅವರು ಕ್ರೇನ್ ಹತ್ತಿದರೆ?”

ಅವರ ಕಣ್ಣು ತುಂಬಿತು. “ಅವರು ನಗದೆ ಎಷ್ಟು ಸಮಯ ಆಯ್ತು ಗೊತ್ತುಂಟಾ ಡಾಕ್ಟ್ರೇ?”

ನನ್ನ ಸಿಟ್ಟು ಇಳಿಯಿತು. ಸಾರಿನ ಯೋಚನೆಯನ್ನು ನೀವೇ ಗಂಡನಿಗೆ ಹೇಳಿ ಎಂದೆ.

ಮರುವಾರ ಇಬ್ಬರೂ ಬಂದರು. “ಇನ್ನು ಮನೆಯಲ್ಲಿ ಉಣ್ಲಿಕ್ಕೂ ಹೆದರಿಕೆ ಮಾರಾಯ್ರೇ,” ಎಂದರು ವಿಲ್ಫ್ರೆಡ್. ಕ್ರೇನಿಗೆ ಸಿಗ್ನಲ್ ಕೊಡುವವರು ಯಾರು ಎಂದು ಕೇಳಿದೆ.

“ಎತ್ತಲಿಕ್ಕೆ ಒಬ್ಬನೇ. ನಿಲ್ಲಿಸ್ಲಿಕ್ಕೆ ಯಾರು ಕೈ ತೋರಿಸಿದ್ರೂ ನಿಲ್ಲಿಸ್ಬೇಕು.”

“ಮಾತ್ರೆಯಲ್ಲೂ ಹಾಗೇ. ಶುರು ಮಾಡುವ ಸಿಗ್ನಲ್ ನಿಮ್ಮದೊಂದೇ. ತೊಂದರೆ ಕಂಡರೆ ನೀವು, ಲವೀನಾ, ನಾನು, ಯಾರು ಬೇಕಾದರೂ ಕೈ ತೋರಿಸಬಹುದು. ನೀವಾಗಿ ತಟ್ಟನೆ ಬಿಡಬೇಡಿ, ಫೋನ್ ಮಾಡಿ.”

ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಕಳವಳ ಹೆಚ್ಚಬಹುದು, ತೂಕಡಿಕೆಯೂ ಬರಬಹುದು ಎಂದು ಮುಚ್ಚಿಡದೆ ಹೇಳಿದೆ. ಕಂಪೆನಿಯ ವೈದ್ಯರು ಒಪ್ಪುವ ತನಕ ಕ್ರೇನ್ ಹತ್ತದೆ ಕೆಳಗಿನ ಕೆಲಸ ಮಾತ್ರ ಎಂದೆ. ವಿಲ್ಫ್ರೆಡ್ ಕೈಚಾಚಿದರು.

“ಕೊಡಿ. ನಾನೇ ತಕೊಳ್ತೇನೆ.”

ಹೊಟ್ಟೆ ತೊಳಸಿತು. ಲವೀನಾ ಫೋನ್ ಮಾಡಿದರು, ಡೋಸ್ ಇಳಿಸಿ ಮತ್ತೆ ನಿಧಾನ ಏರಿಸಿದೆ. ಕೆಲವು ತಿಂಗಳಲ್ಲಿ ಕಂಪೆನಿಯ ವೈದ್ಯರೂ ಒಪ್ಪಿದರು. ಮತ್ತೆ ಕ್ರೇನ್ ಹತ್ತಿದ ಮೊದಲ ದಿನ ಪಾಳಿ ಮುಗಿಸಿ ವಿಲ್ಫ್ರೆಡ್ ಫೋನ್ ಮಾಡಿದರು: “ಹತ್ತಿ ಇಳಿದೆ ಡಾಕ್ಟ್ರೇ, ಎಂತದ್ದೂ ಆಗ್ಲಿಲ್ಲ!” ನಾನೂ ಉಸಿರು ಬಿಗಿಹಿಡಿದು ಕಾದಿದ್ದೆ ಎಂದು ಆಗ ತಿಳಿಯಿತು.

ಮಾತ್ರೆ ಬರೆಯುವುದನ್ನು ಕಾಲೇಜು ಕಲಿಸಿತ್ತು. ರೋಗಿ ತಾನಾಗಿ ಕೈಚಾಚುವ ತನಕ ಕಾಯುವುದನ್ನು ಈ ಕೆಲಸ ಕಲಿಸಿತು.

ಮುಂದಿನ ಭೇಟಿಗೆ ಇಬ್ಬರೂ ಒಂದು ಡಬ್ಬಿ ಸಾರು ಹಿಡಿದು ಬಂದರು. “ಧೈರ್ಯದಲ್ಲಿ ಉಣ್ಣಿ ಡಾಕ್ಟ್ರೇ, ಇದರಲ್ಲಿ ಬರೇ ಬಂಗುಡೆ ಮೀನು ಉಂಟು,” ಎಂದು ವಿಲ್ಫ್ರೆಡ್ ಜೋರಾಗಿ ನಕ್ಕರು. ಲವೀನಾ ಆ ನಗುವನ್ನೇ ನೋಡುತ್ತಾ ನಿಂತಿದ್ದರು.